ಮಾಕಳಿಯ ಮನೆ ಮುಂದೆ ನಾನು ಕೂಗಿದ ಘೋಷಣೆ

ಮುದಕಪ್ಪಣ್ಣಾ,

ನಿಮ್ಮ ಪೆರೋಲ್ ಅರ್ಜಿ ಯಾಕೆ ತಿರಸ್ಕಾರವಾಯಿತೆಂದು ನಿಮಗೆ ಯಾರೂ ಹೇಳಿಲ್ಲ. ನಾನು ಹೇಳುತ್ತೇನೆ. ಕೆಡಿಸಿದವನು ನಾನು.

ಮುಷ್ಕರದ ದಿನ ಕಾರ್ಖಾನೆ ಗೇಟಿನ ಮುಂದಿನ ಹೊಡೆದಾಟದಲ್ಲಿ ನಿಮ್ಮ ಕೈಯಿಂದ ಒಂದು ಜೀವ ಹೋಯಿತು. ಅದಕ್ಕೆ ಹತ್ತು ವರ್ಷ ಕೊಟ್ಟಿದ್ದೀರಿ. ಈಗ ಅರವತ್ತೆಂಟು. ಪೀಣ್ಯದ ಎರಕದ ಕಾರ್ಖಾನೆಯ ದೂಳು ಕುಡಿದ ಶ್ವಾಸಕೋಶ ಬತ್ತಿದೆ, ಮಗ್ಗುಲು ಬದಲಿಸಲೂ ಇನ್ನೊಬ್ಬರ ಕೈ ಬೇಕು. ಇಂಥವರನ್ನು ಒಂದು ತಿಂಗಳು ಮಾಕಳಿಯ ಬಾಡಿಗೆ ಮನೆಯಲ್ಲಿರುವ ಹೆಂಡತಿ ದೇವಕ್ಕನ ಬಳಿ ಕಳಿಸಲು, ಇವರು ಬಂದರೆ ಶಾಂತಿ ಕೆಡುವುದಿಲ್ಲವೆಂದು ಪೊಲೀಸರು ಮನೆಗೆ ಬಂದು ವಿಚಾರಿಸಿ ಬರೆದುಕೊಡಬೇಕು. ನಾಚಿಕೆಗೆಟ್ಟ ನಿಯಮ. ಇವತ್ತೂ ಹಾಗೇ ಅನ್ನುತ್ತೇನೆ.

ದೇವಕ್ಕ ಬೇಡಿದ್ದು ಇಷ್ಟೇ: "ಅರ್ಜಿ ಬರದಿ, ಸಾಕು. ಪೊಲೀಸ್ರು ಬರೋ ದಿನ ನೀ ಬರಬ್ಯಾಡಪಾ." ನಾನು ಕೇಳಲಿಲ್ಲ. ಕೂಗದೆ ಏನೂ ಸಿಗದೆಂದು ಕಾರ್ಖಾನೆ ಗೇಟುಗಳ ಮುಂದೆ ಕಲಿತವನು. ನಲವತ್ತು ಜನ, ಎರಡು ತಮಟೆ, ನಿಮ್ಮ ಫೋಟೋ ಇದ್ದ ಬ್ಯಾನರು ಕಟ್ಟಿಕೊಂಡು ಹೋದೆ.

ಅಲ್ಲಿ ಎಲ್ಲ ಸುಸೂತ್ರವಾಗಿತ್ತಣ್ಣಾ. ಮನೆ ಮಾಲೀಕ ಚಿಕ್ಕಬೈರಪ್ಪ ಪೇದೆಗೆ ಕುರ್ಚಿ ಹಾಕಿ, "ಬರ್ಲಿ ಬುಡಿ ಸಾರ್. ಕೆಮ್ಮಾಕೂ ತ್ರಾಣ ಇಲ್ದೋನು ಯಾರ್ ತಂಟೆಗೆ ಓಯ್ತಾನೆ?" ಅನ್ನುತ್ತಿದ್ದ. ಪೇದೆ ನಗುತ್ತಾ ಬರೆದುಕೊಳ್ಳುತ್ತಿದ್ದ. ಆಗ ನನ್ನ ಘೋಷಣೆ ಶುರುವಾಯಿತು. ಪೇದೆ ಎದ್ದು ನಿಂತ.

"ಏನ್ರೀ ಇದು? ಅವ್ನಿನ್ನೂ ಆಚೆ ಬಂದೇ ಇಲ್ಲ, ಆಗ್ಲೇ ಇಷ್ಟು ಗಲಾಟೆನಾ?"

ವರದಿಯಲ್ಲಿ ಅದೇ ಬಂತು: ಬಿಟ್ಟರೆ ಶಾಂತಿಭಂಗ.

ದೇವಕ್ಕ ನಿಮಗೆಂದು ಬಾಗಿಲ ಪಕ್ಕ, ಗಾಳಿಯಾಡುವ ಕಡೆ, ಮಂಚ ಹಾಕಿಸಿದ್ದಳು. ಅದರ ಮೇಲೆ ಕುಸಿದು ಕೂತಳು. "ಸಾಯೋದ್ರೊಳಗ ಒಮ್ಮಿ ಅವರ ಕಾಲು ಒತ್ತಬೇಕಂತಿದ್ದೆ. ನಿನಗ ಚಪ್ಪಾಳಿ ಬೇಕಾಗಿತ್ತೇನೋ ಯಪ್ಪಾ?"

ಬೇಕಾಗಿತ್ತಣ್ಣಾ. ಸುಳ್ಳು ಹೇಳಲಾರೆ.

ಮತ್ತೆ ಅರ್ಜಿ ಹಾಕಿದ್ದೇವೆ. ಮುಂದಿನ ವಾರ ವಿಚಾರಣೆಗೆ ಬರುತ್ತಾರಂತೆ. ಅಂದು ನಾನು ಮಾಕಳಿಯತ್ತ ತಲೆ ಹಾಕುವುದಿಲ್ಲ. ನೀವು ಬಂದಮೇಲೂ, ದೇವಕ್ಕ ಕರೆಯದೆ ನೋಡಲು ಬರುವುದಿಲ್ಲ. ಈ ಕಾಗದವನ್ನು ನಿಮಗಿಂತ ಮೊದಲು ಜೈಲಿನವರು ಒಡೆದು ಓದುತ್ತಾರೆ. ಓದಲಿ. ಅವರಿಗೂ ಸೇರಿಸಿಯೇ ಬರೆದಿದ್ದೇನೆ: ಸ್ವಾಮೀ, ಕೂಗಿದವನು ನಾನು, ಮುದಕಪ್ಪ ಅಲ್ಲ. ಹೆಸರು, ಊರು ಕೆಳಗಿದೆ. ಬೇಕಾದರೆ ನನ್ನನ್ನು ಒಳಗೆ ಹಾಕಿ, ಅವರನ್ನು ಕಳಿಸಿ.

ನಿಮ್ಮ ಉಸಿರು ದೇವಕ್ಕನ ಹೊಸ್ತಿಲವರೆಗಾದರೂ ನಿಮ್ಮ ಜೊತೆ ನಡೆಯಲಿ ಅಣ್ಣಾ.

ತಪ್ಪೊಪ್ಪಿಕೊಂಡ,
ಚಿನ್ನಪ್ಪ
ಚಿಕ್ಕಬಾಣಾವರ, ಮಾರ್ಚ್ ೨೦೧೪