ಮೂರನೆಯ ಸುತ್ತು

ಮಧುಗಿರಿ
೧೨ ಫೆಬ್ರವರಿ ೨೦೨೬, ಗುರುವಾರ ಬೆಳಿಗ್ಗೆ

ಚೈತ್ರಳ ಅಪ್ಪನವರಿಗೆ, ಪ್ರೀತಿಯಿಂದ,

‘ಬಂದ ದಾರಿಯಲ್ಲೇ ನೋವು ಮರಳಿ ಹೋಗುವುದು’ ಎಂಬ ಒಂದು ಸಾಲು ಮೊನ್ನೆಯಿಂದ ನನ್ನನ್ನು ಬಿಡುತ್ತಿಲ್ಲ. ಎಂ.ಎ. ಓದುವಾಗ ಎಲ್ಲೋ ಕಂಡದ್ದು. ‘ಮರಳಿ’ ಎಂದಿತ್ತೋ ‘ಮೆಲ್ಲನೆ’ ಎಂದಿತ್ತೋ, ಅಲ್ಲಿದ್ದದ್ದು ನೋವೇ ಹೌದೋ ಅಲ್ಲವೋ, ಸರಿಯಾಗಿ ನೆನಪಿಲ್ಲ. ಆಗ ಅದರ ಕೆಳಗೆ ಗೆರೆ ಎಳೆದಿದ್ದೆ. ಈಗ ಒಪ್ಪಲು ಮನಸ್ಸು ಬರುತ್ತಿಲ್ಲ. ತಾನು ಯಾವ ದಾರಿಯಲ್ಲಿ ಬಂದೆ ಎಂದು ನೋವಿಗೆ ಗೊತ್ತಿರುತ್ತದೆಯೇ? ಕಣ್ಣು ಮಿಟುಕಿಸುವಷ್ಟರಲ್ಲಿ ಒಳಗೆ ಬಂದದ್ದು ಹೊರಡಲು ಎಷ್ಟು ದಿನ ತೆಗೆದುಕೊಳ್ಳುತ್ತದೆ ಎಂಬುದನ್ನು ಆ ಕವಿ ಯಾಕೆ ಹೇಳಲಿಲ್ಲ?

ತಡವಾಗಿ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನೀವು ಫೋನು ಮಾಡಿದಾಗಲೆಲ್ಲ ‘ಚೆನ್ನಾಗಿದ್ದಾಳೆ’ ಎಂದೇ ಹೇಳಿದೆ. ಅವಳು ಪಕ್ಕದಲ್ಲೇ ಇರುತ್ತಾಳೆ. ನೀವೋ ಫೋನನ್ನು ಸ್ಪೀಕರಿಗೆ ಹಾಕಿ ಸೋಲಾರ್ ಪಾರ್ಕಿನ ಅರ್ಧ ಜನಕ್ಕೆ ಮಗಳ ಸುದ್ದಿ ಕೇಳಿಸುತ್ತೀರಿ. ಇವತ್ತು ನಿಮ್ಮ ಜೊತೆ ಕೆಲಸ ಮಾಡುವ ರಂಗೇಶ್ ಮಧ್ಯಾಹ್ನದ ಬಸ್ಸಿಗೆ ಪಾವಗಡಕ್ಕೆ ಡ್ಯೂಟಿಗೆ ಬರುತ್ತಾರಂತೆ. ಅವರ ಕೈಗೆ ಕೊಡೋಣ ಎಂದು ಕೂತಿದ್ದೇನೆ. ನಿಶ್ಚಿತಾರ್ಥದ ನಂತರ ನಿಮಗೆ ಬರೆಯುತ್ತಿದ್ದೆನಲ್ಲ, ಹಾಗೆಯೇ ಒಬ್ಬರೇ ಇರುವಾಗ ಓದಿ.

ಮೊದಲು ಮನೆಯ ಸುದ್ದಿ. ಅತ್ತೆಯವರ ಮಂಡಿನೋವು ಹಾಗೇ ಇದೆ, ಆದರೆ ಮೊಮ್ಮಗಳು ಬಂದ ಮೇಲೆ ಅದರ ಮಾತೇ ಇಲ್ಲ. ಅಡುಗೆಮನೆಯಲ್ಲಿ ದಿನವೂ ಅಜ್ಜಿ ಮೊಮ್ಮಗಳ ಜಗಳ. ಬಾಕ್ಸಿಂಗ್ ಕೋಚ್ ಮಲ್ಲೇಶ್ ಸರ್ ಅವಳನ್ನು ಎರಡು ಪಂದ್ಯಗಳ ನಡುವಿನ ಈ ವಾರಕ್ಕೆ ಮನೆಗೆ ಕಳಿಸುವಾಗ, ಚೆನ್ನಾಗಿ ನಿದ್ದೆ ಮಾಡು, ಐಸ್ ಇಟ್ಟುಕೋ, ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲು ನೆನೆಸು, ತೂಕ ಮಾತ್ರ ಏರಬಾರದು ಎಂದು ಹೇಳಿ ಕಳಿಸಿದ್ದಾರೆ. ಅತ್ತೆಯವರಿಗೆ ಕೊನೆಯದೊಂದು ಬಿಟ್ಟು ಉಳಿದೆಲ್ಲ ಒಪ್ಪಿಗೆ.

“ಹೊಟ್ಟೆ ಬೆನ್ನಿಗೆ ಅಂಟ್ಕೊಂಡೈತೆ. ತುಪ್ಪ ಹಾಕ್ಕೊಳ್ದೆ ಮುದ್ದೆ ತಿಂದ್ರೆ ಗುದ್ದೋಕೆ ಶಕ್ತಿ ಎಲ್ಲಿಂದ ಬತ್ತದೆ?” ಎಂದರು ಮೊನ್ನೆ.

“ಅಜ್ಜಿ, ತೂಕ ಜಾಸ್ತಿ ಆದ್ರೆ ರಿಂಗಿಗೇ ಬಿಡಲ್ಲ.”

“ತೂಕ ಹಾಕೋಕೆ ನೀನೇನು ಹುಣಸೇಹಣ್ಣಾ?”

ಚೈತ್ರ ನಕ್ಕಳು. ನಾನೂ ನಕ್ಕೆ. ಸೋಮವಾರ ಬಸ್ಸಿಳಿದು ಮನೆಗೆ ಬಂದವಳನ್ನು ನೋಡಿ ನಮಗೆಲ್ಲ ಎಷ್ಟು ಸಂತೋಷವಾಯಿತು ಎಂದರೆ, ಅದನ್ನು ಈಗ ಬರೆಯಲು ಸಂಕಟವಾಗುತ್ತದೆ. ಹಣೆಯ ತುಂಬ ವಿಭೂತಿ. ಮೂರು ಬೆರಳಿನ ಗೆರೆಯಲ್ಲ, ಗಟ್ಟಿಯಾಗಿ ಬಳಿದ ಪಟ್ಟೆ. ಲಿಂಗ ಕಟ್ಟಿಕೊಂಡು ಕೂರು ಎಂದರೆ ಓಡಿಹೋಗುತ್ತಿದ್ದ ಹುಡುಗಿ, ಬಸ್ ಸ್ಟ್ಯಾಂಡಿನ ಹತ್ತಿರದ ಗುಡಿಗೆ ಹೋಗಿ ಬಂದೆ ಎಂದಳು. ಅತ್ತೆಯವರಿಗೆ ಕಣ್ಣಲ್ಲಿ ನೀರು. ಭಾನುವಾರ ಶಿವರಾತ್ರಿ, ಅವತ್ತೇ ಫೈನಲ್ಲು, ಅದಕ್ಕೇ ಶಿವನೇ ಬುದ್ಧಿ ಕೊಟ್ಟಿದ್ದಾನೆ ಎಂದರು. ಮಂಗಳವಾರ ಬೆಳಿಗ್ಗೆ ಯಾರೂ ಹೇಳದೆ ತಾನೇ ದೇವರ ಮನೆಗೆ ಹೋಗಿ ಮತ್ತೆ ಬಳಿದುಕೊಂಡು ಬಂದಳು. ನಾನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ಬಂದೆ. ಪಕ್ಕದ ಮನೆಯ ವನಜಾಕ್ಷಿಗೂ ಹೇಳಿದೆ.

ಮಂಗಳವಾರ ಸಂಜೆ ಅತ್ತೆಯವರು ಹರಳೆಣ್ಣೆ ಬೆಚ್ಚಗೆ ಮಾಡಿ ಎಣ್ಣೆನೀರಿಗೆ ಕರೆದರು. ಅಜ್ಜಿಯ ಕೈ ಬೇಡ, ತಾನೇ ಹಾಕಿಕೊಳ್ಳುತ್ತೇನೆ ಎಂದು ಹಟ ಮಾಡಿದಳು. ಕೊನೆಗೆ ನಾನು ಬಚ್ಚಲಿಗೆ ಹೋದೆ. ಒಂದು ಚೊಂಬು ನೀರು ಸುರಿದೆ, ವಿಭೂತಿ ಹರಿದು ಹೋಯಿತು. ಅದರ ಕೆಳಗೆ ಹುಬ್ಬಿನ ಮೇಲಿಂದ ಕೂದಲಿನ ತನಕ ಊತ. ನೇರಳೆ ಬಣ್ಣ, ಅಂಚಿನಲ್ಲಿ ಹಸಿರು. ಕೂದಲನ್ನು ಮುಂದೆ ಬಾಚಿಕೊಂಡಿದ್ದೂ ಇದಕ್ಕೇ ಎಂದು ಆಗ ತಿಳಿಯಿತು.

“ಅಮ್ಮ, ಕೂಗ್ಬೇಡ. ಅಜ್ಜಿ ಕೇಳಿಸ್ಕೊಂಡ್ರೆ ಇವತ್ತೇ ಅಪ್ಪಂಗೆ ಫೋನು.”

ಹೋದ ಪಂದ್ಯದ ದಿನ ನೀವು ಅಲ್ಲೇ ಇದ್ದಿರಿ. ಎರಡನೆಯ ಸುತ್ತಿನಲ್ಲಿ ತಲೆಗೆ ತಲೆ ತಗುಲಿದ್ದನ್ನು ನೋಡಿದ್ದಿರಿ. ರೆಫ್ರಿ ಕೇಳಿದರು, ಅವಳು ಸರಿ ಎಂದು ತಲೆಯಾಡಿಸಿದಳು, ಮೂರನೆಯ ಸುತ್ತು ಆಡಿ ಗೆದ್ದಳು ಎಂದು ನೀವೇ ಹೇಳಿದ್ದು. ಊತ ಅಂಥದ್ದೇನಲ್ಲ ಎಂದುಕೊಂಡು ನಾನು ಐಸ್ ತರಲು ಎದ್ದೆ. ಅವಳು ನನ್ನ ಸೀರೆಯ ಸೆರಗು ಹಿಡಿದುಕೊಂಡಳು. ಎಳೆಯವಳಿದ್ದಾಗ ಹಾಗೆ ಹಿಡಿಯುತ್ತಿದ್ದಳು.

“ಮೂರನೇ ರೌಂಡ್ ನಂಗೆ ಗೊತ್ತಿಲ್ಲಮ್ಮ.”

“ಗೊತ್ತಿಲ್ಲ ಅಂದ್ರೆ?”

“ತಲೆಗೆ ತಗುಲಿದ್ದು ಗೊತ್ತು. ಆಮೇಲೆ ಅಪ್ಪ ನನ್ನ ಎತ್ಕೊಂಡಿದ್ದು ಗೊತ್ತು. ಮಧ್ಯ ಏನೂ ಇಲ್ಲ.”

ನೀವು ಕಳಿಸಿದ ಆ ವಿಡಿಯೋವನ್ನು ಅವಳು ಕೂತಲ್ಲಿ ನಿಂತಲ್ಲಿ ನೋಡುತ್ತಿದ್ದಳು. ಗೆದ್ದ ಹುಮ್ಮಸ್ಸು, ನೋಡಿಕೊಳ್ಳಲಿ ಬಿಡು ಎಂದು ಅತ್ತೆಯವರೂ ನಾನೂ ಮಾತಾಡಿಕೊಂಡಿದ್ದೆವು. ತಾನು ಹೇಗೆ ಗೆದ್ದೆ ಎಂದು ತಿಳಿದುಕೊಳ್ಳಲು ನೋಡುತ್ತಿದ್ದಳಂತೆ. ಯಾರಾದರೂ ಕೇಳಿದರೆ ಹೇಳಬೇಕಲ್ಲ ಎಂದಳು. ಅದರಲ್ಲಿ ನಿಮ್ಮ ದನಿ ಕೇಳಿಸುತ್ತದೆ, ‘ಬಿಡಬೇಡ ಚೈತ್ರಾ, ಬಿಡಬೇಡ’ ಎಂದು. ಅದೂ ನೆನಪಿಲ್ಲವಂತೆ. ಇದನ್ನು ನಿಮಗೆ ನೋವಾಗಲಿ ಎಂದು ಬರೆಯುತ್ತಿಲ್ಲ. ನಾನು ಅಲ್ಲಿದ್ದಿದ್ದರೆ ನಾನೂ ಅದನ್ನೇ ಕೂಗುತ್ತಿದ್ದೆ.

ಬುಧವಾರ ಬೆಳಿಗ್ಗೆ ಗೊರವನಹಳ್ಳಿಗೆ ಹೋಗಿ ಲಕ್ಷ್ಮಿಗೆ ಕೈಮುಗಿದು ಬರುತ್ತೇವೆ ಎಂದು ಅತ್ತೆಯವರಿಗೆ ಹೇಳಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಒಂದೇ ಗೆರೆಯ ಮೇಲೆ ನಡೆಸಿದರು, ತಿಂಗಳುಗಳ ಹೆಸರನ್ನು ಹಿಂದಿನಿಂದ ಹೇಳಿಸಿದರು. ಎಲ್ಲ ಸರಿಯಾಗಿ ಹೇಳಿದಳು. ಈಗ ನೋಡಲು ಚೆನ್ನಾಗಿದ್ದಾಳೆ, ಆದರೆ ಒಳಗೆ ಪೆಟ್ಟಾಗಿದ್ದರೆ ಕೆಲವು ದಿನ ಬಿಟ್ಟೂ ಕಾಣಿಸಿಕೊಳ್ಳಬಹುದು ಎಂದರು. ವಾಂತಿ, ಜೋರು ತಲೆನೋವು, ಕೇಳಿದ್ದನ್ನೇ ಕೇಳುವುದು, ಮಾಡಿದ್ದನ್ನು ಮರೆತು ಮತ್ತೆ ಮಾಡುವುದು, ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ, ನೇರ ತುಮಕೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿ ಎಂದರು. ಏನೂ ಕಾಣದಿದ್ದರೂ ಒಂದು ತಿಂಗಳು ತಲೆಗೆ ಪೆಟ್ಟು ಬೀಳುವ ಯಾವ ಆಟವೂ ಬೇಡ. ಮೊದಲ ಪೆಟ್ಟು ಮಾಗುವ ಮುಂಚೆ ಎರಡನೆಯದು ಬಿದ್ದರೆ ಏನಾಗುತ್ತದೆ ಎಂದು ನಾನು ಕೇಳಿದೆ. ಅವರು ಚೈತ್ರಳ ಕಡೆ ನೋಡಿ, ನನ್ನ ಕಡೆ ನೋಡಿ, “ಅದನ್ನ ನಾವು ನೋಡೋದು ಬೇಡಮ್ಮ” ಎಂದರು.

ಹೊರಗೆ ಬಂದು ಚೈತ್ರ ಏನೆಂದಳು ಗೊತ್ತೇ? “ಅವರು ಜ್ವರದ ಡಾಕ್ಟ್ರು. ಬಾಕ್ಸಿಂಗ್ ಅವರಿಗೇನು ಗೊತ್ತು?” ಕಬ್ಬಿನಹಾಲಿನ ಗಾಡಿಯ ಪಕ್ಕ ನಿಂತು ಒಂದು ಒಪ್ಪಂದಕ್ಕೆ ಬಂದಳು. ಡಾಕ್ಟರು ಹೇಳಿದ್ದರಲ್ಲಿ ಒಂದು ಕಂಡರೂ ತಾನೇ ನಿಮಗೆ ಹೇಳಿ ಹೆಸರು ವಾಪಸ್ ತೆಗೆಸುತ್ತಾಳೆ. ಏನೂ ಕಾಣದಿದ್ದರೆ ನಾನು ಬಾಯಿ ಬಿಡಬಾರದು. ಇದು ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು ಎಂದಳು. ನಾನು ಹೂಂ ಎಂದುಬಿಟ್ಟೆ.

ಅಲ್ಲಿಂದ ಈಚೆಗೆ ನನ್ನ ಕೆಲಸ ಏನೆಂದರೆ ಅವಳನ್ನು ನೋಡುವುದು. ಪರೀಕ್ಷೆಯ ಕೋಣೆಯಲ್ಲಿ ಹುಡುಗರ ಬೆನ್ನ ಹಿಂದೆ ಓಡಾಡುತ್ತೇನಲ್ಲ, ಹಾಗೆ ಮನೆಯಲ್ಲಿ ಓಡಾಡುತ್ತಿದ್ದೇನೆ. ತಟ್ಟೆ ಎಲ್ಲಿಟ್ಟೆ, ನಿನ್ನೆ ಪಲ್ಯ ಏನಿತ್ತು, ಅತ್ತೆ ಯಾವ ಊರಿನ ಕಥೆ ಹೇಳಿದರು ಎಂದು ಏನೇನೋ ಕೇಳುತ್ತೇನೆ. “ಅಮ್ಮ, ನಾನೇನು ನಿನ್ನ ಪಿಯುಸಿ ಸ್ಟೂಡೆಂಟಾ?” ಎಂದು ರೇಗುತ್ತಾಳೆ, ಆದರೆ ಎಲ್ಲಕ್ಕೂ ಸರಿಯಾಗಿಯೇ ಉತ್ತರ ಕೊಡುತ್ತಾಳೆ. ಅವಳು ಮಲಗಿದರೆ ಉಸಿರು ನೋಡುತ್ತೇನೆ. ಎದ್ದರೆ ಹೆಜ್ಜೆ ನೋಡುತ್ತೇನೆ. ಮಲ್ಲೇಶ್ ಸರ್‌ಗೆ ಫೋನು ಮಾಡಲು ನಂಬರು ತೆಗೆದು ಹಾಗೇ ಕೆಳಗಿಟ್ಟಿದ್ದೇನೆ.

ನಿನ್ನೆ ಸಂಜೆ ನಮ್ಮ ಮೊಸರು ಹುಳಿ ಬಂದಿತ್ತೆಂದು ಹೆಪ್ಪಿಗೆ ವನಜಾಕ್ಷಿಯ ಮನೆಗೆ ಅವಳನ್ನೇ ಕಳಿಸಿದೆ. ಅದೂ ಪರೀಕ್ಷೆಯೇ. ಲೋಟ ಹಿಡಿದು ನೇರವಾಗಿ ಹೋಗಿ ಬಂದಳು, ದಾರಿಯಲ್ಲಿ ನಾಯಿಗೆ ಹಚಾ ಎಂದಳು, ಹಾಲು ಆರಿದೆಯೇ ಎಂದು ಬೆರಳಿಟ್ಟು ನೋಡಿ ತಾನೇ ಹೆಪ್ಪು ಹಾಕಿದಳು. ಇವತ್ತು ಬೆಳಿಗ್ಗೆ ಮೊಸರು ಕಲ್ಲಿನಂತೆ ಗಟ್ಟಿಯಾಗಿತ್ತು. ಅದನ್ನು ನೋಡಿ ಎಷ್ಟೋ ಹೊತ್ತಿನ ಮೇಲೆ ಸರಿಯಾಗಿ ಉಸಿರು ಬಿಟ್ಟೆ. ಸುಮ್ಮನೆ ಹೆದರುತ್ತಿದ್ದೇನೇನೋ ಅನ್ನಿಸಿತು.

ಹಾಗಿದ್ದರೂ ನಿಮಗೆ ಬರೆದೆ. ಅವಳಿಗೆ ಕೊಟ್ಟ ಮಾತು ತಪ್ಪಿದೆ, ಗೊತ್ತು. ಆದರೆ ಏನೂ ಕಾಣುತ್ತಿಲ್ಲ ಎಂಬುದರ ಮೇಲೆ ನಂಬಿಕೆಯಿಟ್ಟು ಅವಳನ್ನು ಆ ಹಗ್ಗದೊಳಗೆ ಕಳಿಸಲು ನನ್ನ ಕೈಲಾಗುತ್ತಿಲ್ಲ. ನಾನು ಬೇಡ ಎಂದರೆ ಅಮ್ಮನ ಹೆದರಿಕೆ ಎನ್ನುತ್ತಾಳೆ. ಬಿಡಬೇಡ ಎಂದು ಕೂಗಿದವರು ನೀವು, ಬಿಡು ಎಂದರೂ ನಿಮ್ಮ ಮಾತನ್ನೇ ಕೇಳುತ್ತಾಳೆ. ಶನಿವಾರದ ತನಕ ಕಾಯದೆ ನಾಳೆಯೇ ಬನ್ನಿ. ಸ್ವೀಟು ತರಬೇಡಿ, ಪಂದ್ಯದ ಮಾತೆತ್ತಬೇಡಿ. ಊಟಕ್ಕೆ ಎದುರು ಕೂತು ಅವಳನ್ನು ನೋಡಿ. ಆಮೇಲೆ ಇಬ್ಬರೂ ಸೇರಿ ಹೇಳೋಣ.

ಬಿಸಿಲಿಗೆ ತಲೆಗೆ ಟವೆಲು ಕಟ್ಟಿಕೊಳ್ಳಿ. ಬಿ.ಪಿ. ಮಾತ್ರೆ ಮರೆಯಬೇಡಿ. ಅತ್ತೆಯವರು ಆಶೀರ್ವಾದ ತಿಳಿಸು ಎಂದಿದ್ದಾರೆ, ಮಗ ಮೊಮ್ಮಗಳು ಇಬ್ಬರನ್ನೂ ಶಿವ ಕಾಯಲಿ ಎಂದಿದ್ದಾರೆ. ಅವರಿಗೆ ಇನ್ನೂ ಏನೂ ಗೊತ್ತಿಲ್ಲ. ಈಗಲೂ ಆ ವಿಭೂತಿಯನ್ನು ನೋಡಿ ಕೈಮುಗಿಯುತ್ತಾರೆ.

ನಿಮ್ಮ,
ಸರ್ವಮಂಗಳ

ಮರೆತ ಮಾತು: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದ್ದೇನೆ. ನಾಳೆ ಬೇಡ, ಈಗಲೇ ಹೊರಡಿ. ಮಧುಗಿರಿಗೆ ಬರಬೇಡಿ, ನೇರ ತುಮಕೂರಿಗೆ ಬನ್ನಿ. ನಿಮಗೆ ಫೋನು ಹೋಗುತ್ತಿಲ್ಲ, ಆ ಪ್ಯಾನೆಲ್ಲುಗಳ ನಡುವೆ ಎಲ್ಲಿದ್ದೀರೋ. ರಂಗೇಶ್ ಬಾಗಿಲಲ್ಲಿ ಕಾಯುತ್ತಿದ್ದಾರೆ, ಕಾರಿಗೆ ಹೇಳಿದ್ದೇನೆ. ನಾನು ಇಲ್ಲಿ ಕೂತು ನಿಮಗೆ ಬರೆಯುತ್ತಿದ್ದಾಗ ಅವಳು ಮಲಗಿದ್ದಾಳೆ ಎಂದುಕೊಂಡಿದ್ದೆ. ಈಗ ವನಜಾಕ್ಷಿ ಬಾಗಿಲಿಗೆ ಬಂದಿದ್ದಳು, ಕೈಯಲ್ಲಿ ನಮ್ಮ ಲೋಟ, ಮುಖದಲ್ಲಿ ನಗು. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ:

“ಏನ್ ಮೇಡಮ್ಮೋರೆ, ಊರಿಗೆಲ್ಲಾ ಮೊಸರನ್ನ ಹಾಕ್ಸೋ ಹರಕೆ ಏನಾರಾ ಹೊತ್ಕಂಡಿದ್ದೀರಾ? ನಿನ್ನೆ ಸಂಜೆ ಕೊಟ್ಟೆ. ಬೆಳಿಗ್ಗೆ ಎದ್ದು ಬಂದ್ಳು, ಅಮ್ಮ ಹೆಪ್ಪು ಇಸ್ಕಂಬಾ ಅಂದ್ಲು ಅಂತ, ತಮಾಷೆಗೇನೋ ಅಂತ ಕೊಟ್ಟು ಕಳಿಸ್ದೆ. ಈಗ ನೋಡುದ್ರೆ ನಮ್ ಜಗಲಿ ಮ್ಯಾಲೆ ಮತ್ತೆ ಬಂದು ಕುಂತವ್ಳೆ. ಹೆಪ್ಪು ಆಗ್ಲೇ ಕೊಟ್ಟಾಯ್ತು ಅಂತ ನೀವಾದ್ರೂ ಬಂದು ಹೇಳಿ ಕಣಮ್ಮ, ನಾನ್ ಹೇಳುದ್ರೆ ನಂಬ್ತಾ ಇಲ್ಲ.”