ಹಳದಿ ಕೊಕ್ಕಿನ ಸುಳ್ಳು

ಬೋರ್ಡಂಗಡಿ,
ಫೆಬ್ರವರಿ ೧೨, ಗುರುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಮಾವನ ಆಶೀರ್ವಾದ ಮೊದಲು, ವಿಚಾರಣೆ ಆಮೇಲೆ. ನಿನ್ನ ಕೆಮ್ಮು ಹೋಯಿತೇ? ರೂಮಿನ ಕಿಟಕಿಗೆ ಗಾಜು ಹಾಕಿಸಿದರೇ, ಇಲ್ಲವೇ ಇನ್ನೂ ರಟ್ಟು ಅಂಟಿಸಿಕೊಂಡೇ ಮಲಗುತ್ತಿದ್ದೀಯಾ? ಗಾಳಿಗೆ ಕಿವಿ ಕೊಟ್ಟು ಮಲಗಬೇಡ, ನಿನ್ನ ಅಜ್ಜನ ಕಿವಿ ಹಾಳಾದದ್ದು ಹಾಗೆಯೇ. ನಾನು ಗಟ್ಟಿಯಾಗಿದ್ದೇನೆ. ಮೂರನೇ ಮಹಡಿಯ ಎತ್ತರಕ್ಕೆ ಏಣಿ ಹತ್ತಿ ಅಕ್ಷರ ಬರೆಯುವವರು ನನ್ನ ವಯಸ್ಸಿನಲ್ಲಿ ಈ ಊರಿನಲ್ಲಿ ಇನ್ನೊಬ್ಬರಿಲ್ಲ. ನನಗಿಂತ ಚಿಕ್ಕವರು ಇಬ್ಬರು ಹತ್ತಿದ್ದರು, ಬಿದ್ದರು.

ಈಗ ನೀನು ಒಪ್ಪಿಸಿದ ಕೆಲಸದ ವಿಷಯ. 'ಮಾವ, ಅಮ್ಮಂಗೆ ಕಣ್ಣು ಸರಿಯಾಗಿ ಕಾಣ್ಸುತ್ತಾ ಇಲ್ವಾ ನೋಡಿ ಬರಿ, ಅವಳಿಗೆ ಗೊತ್ತಾಗಬಾರದು' ಎಂದು ಬರೆದಿದ್ದೆ. ನೀನೂ ನಿನ್ನ ಗೆಳತಿಯೂ ಒಂದೇ ತರದ ಕೋಟು ತೊಟ್ಟು ತೆಗೆಸಿಕೊಂಡ ಫೋಟೋ ಕಳಿಸಿದ್ದೆಯಂತೆ. ಕೂದಲು ಕತ್ತರಿಸಿಕೊಂಡದ್ದು ನಿನಗೆ ಚೆನ್ನಾಗಿ ಒಪ್ಪುತ್ತದೆ ಎಂದು ಅಮ್ಮ ಉತ್ತರ ಬರೆದಳಂತೆ. ಕತ್ತರಿಸಿಕೊಂಡವಳು ಗೆಳತಿ. ಕೇಳಿದ್ದಕ್ಕೆ 'ನಿನ್ನ ಫೋಟೋನೇ ಮಸುಕು' ಎಂದಳಂತೆ. ಅವಳು ಯಾಕೆ ಮುಚ್ಚಿಡುತ್ತಾಳೆಂದು ನಿನಗೂ ಗೊತ್ತು, ನನಗೂ ಗೊತ್ತು. ಕಣ್ಣಿನ ವಿಷಯ ಒಮ್ಮೆ ಹೊರಗೆ ಬಿದ್ದರೆ ಭಾನುವಾರ ಜನರನ್ನು ಕೆರೆಗೆ ಕರೆದೊಯ್ದು ಹಕ್ಕಿ ತೋರಿಸುವ ನಡಿಗೆ ಅವಳ ಕೈ ತಪ್ಪುತ್ತದೆ. ಸ್ಕೂಲಿನಿಂದ ನಿವೃತ್ತಳಾದ ಮೇಲೆ ನಿನ್ನಮ್ಮ ಆರು ದಿನ ಸುಮ್ಮನೆ ಕಳೆಯುತ್ತಾಳೆ, ಬದುಕುವುದು ಆ ಒಂದು ಬೆಳಿಗ್ಗೆ. ಅವಳ ಜಾಗದ ಮೇಲೆ ಕಣ್ಣಿಟ್ಟವನೊಬ್ಬ ಇದ್ದಾನೆ. ಔಷಧದಂಗಡಿಯವನು, ಕುತ್ತಿಗೆಗೆ ತೂಕದ ಕಲ್ಲಿನಂಥ ದುರ್ಬೀನು ಕಟ್ಟಿಕೊಂಡೇ ತಿರುಗುತ್ತಾನೆ. ನಾನಿಟ್ಟ ಹೆಸರು ದುರ್ಬೀನು ಸಾಹೇಬ. ಊರಿಗೆಲ್ಲ ಈಗ ಅದೇ ಹೆಸರು.

ಈ ಕೆಲಸಕ್ಕೆ ನೀನು ಆರಿಸಿದ ಮನುಷ್ಯ ಸರಿಯಾದವನು ಎಂಬುದನ್ನು ಮೊದಲು ಒಪ್ಪಿಕೋ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದರೂ ಪೇಟೆಯವರನ್ನು ಯಾಮಾರಿಸುವುದರಲ್ಲಿ ನಾನು ಡಬಲ್ ಡಿಗ್ರಿ. ಮನೆಯೊಳಗಿನಿಂದಲೇ ಪರೀಕ್ಷೆ ಶುರುಮಾಡಿದೆ. ಅಂಗಿಯ ಗುಂಡಿ ಕಿತ್ತುಕೊಂಡು ಹೋಗಿ ಹೊಲಿದುಕೊಡು ಎಂದೆ. ಸೂಜಿಗೆ ದಾರ ಪೋಣಿಸಲು ತಡಕಾಡುತ್ತಾಳೆ, ಹಿಡಿಯೋಣ ಎಂದು ನನ್ನ ಲೆಕ್ಕಾಚಾರ. ಅವಳು ಸೂಜಿ ದಾರ ಎರಡನ್ನೂ ನನ್ನ ಕೈಗಿಟ್ಟು, 'ಬೋರ್ಡು ಬರೆಯೋನು ನೀನು, ಕೈ ನಡುಗುತ್ತಾ ನೋಡೋಣ, ಪೋಣಿಸು' ಎಂದಳು. ಪೋಣಿಸಿದೆ. ಗುಂಡಿಯನ್ನೂ ನಾನೇ ಹೊಲಿದುಕೊಂಡು ಬಂದೆ. ಇನ್ನೊಂದು ದಿನ, ಕನ್ನಡಕದಂಗಡಿಗೆಂದು ಬರೆದಿದ್ದ ಬೋರ್ಡನ್ನು, ದೊಡ್ಡಕ್ಷರದಿಂದ ಶುರುವಾಗಿ ಇರುವೆ ಸಾಲಿನಂಥ ಅಕ್ಷರಕ್ಕೆ ಇಳಿಯುತ್ತದಲ್ಲ ಅದನ್ನು, ಒಣಗುವ ನೆಪದಲ್ಲಿ ಅವಳ ಹಿತ್ತಲ ಗೋಡೆಗೆ ಒರಗಿಸಿದೆ. ಪಾತ್ರೆ ತೊಳೆಯುತ್ತ ಬೆನ್ನು ಹಾಕಿಯೇ 'ಕೊನೇ ಸಾಲು ಸೊಟ್ಟ' ಎಂದಳು. ನನಗೆ ಮೈಯೆಲ್ಲ ಉರಿಯಿತು. ಅಂಗಡಿಗೆ ತಂದು ದಾರ ಹಿಡಿದು ನೋಡಿದೆ. ಸೊಟ್ಟ. ನನ್ನ ಕೊನೇ ಸಾಲು ಯಾವಾಗಲೂ ಸೊಟ್ಟವೇ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಮನೆಯಲ್ಲಿ ನನ್ನ ಬೇಳೆ ಬೇಯದೆ ಹೋದ ಮೇಲೆ ಭಾನುವಾರದ ನಡಿಗೆಗೆ ಸೇರಿಕೊಂಡೆ. ಬೆಳಿಗ್ಗೆ ಬೇಗ ಏಳುವುದು ನನ್ನ ಜಾತಕದಲ್ಲಿಲ್ಲ, ನಿನಗಾಗಿ ಎದ್ದೆ. ಅದನ್ನು ನೆನಪಿಟ್ಟುಕೋ. ಕೆರೆಯ ದಂಡೆಯ ಮೇಲೆ ಎಂಟು ಹತ್ತು ಜನ, ಮುಂದೆ ನಿನ್ನಮ್ಮ, ತಲೆಗೆ ಹಳೇ ಟೋಪಿ. ಕೆಸರಿನಿಂದ ಎರಡು ಗೊರವ ಹಕ್ಕಿ ಎದ್ದು ಹಾರಿದವು. ಕಂದು ಬೆನ್ನು, ಚುಕ್ಕಿ, ಉದ್ದ ಕಾಲು, ಅವಳಿ ಮಕ್ಕಳ ಹಾಗಿದ್ದವು. ದುರ್ಬೀನು ಸಾಹೇಬ ತನ್ನ ಯಂತ್ರವನ್ನು ಕಣ್ಣಿಗೆ ಏರಿಸುವಷ್ಟರಲ್ಲಿ ಇವಳು ಒಂದರ ಹೆಸರು ಒಂದು, ಇನ್ನೊಂದರ ಹೆಸರು ಇನ್ನೊಂದು ಎಂದು ಹೇಳಿ ಮುಂದೆ ನಡೆದಾಗಿತ್ತು. 'ಅಕ್ಕನ ಕಣ್ಣಿಗೆ ಏನೂ ಆಗಿಲ್ಲ, ನಿನ್ನ ಕಣ್ಣು ತೋರಿಸಿಕೋ' ಎಂದು ನಿನಗೆ ಬರೆಯಲು ಅಲ್ಲೇ ವಾಕ್ಯ ಜೋಡಿಸಿಕೊಂಡಿದ್ದೆ.

ಆಮೇಲೆ ಬೆಳ್ಳಕ್ಕಿಗಳು ಬಂದವು. ನಿನಗಿದು ಗೊತ್ತಿಲ್ಲವೆಂದುಕೊಂಡು ವಿವರಿಸುತ್ತೇನೆ, ಈಗ ನಾನು ಪಂಡಿತ. ನೋಡಲು ಎಲ್ಲ ಒಂದೇ, ತೊಳೆದು ಒಣಹಾಕಿದ ಬಿಳಿ ಬಟ್ಟೆ. ಚಿಕ್ಕ ಬೆಳ್ಳಕ್ಕಿಗೆ ಕೊಕ್ಕು ಕಪ್ಪು, ಕಾಲು ಕಪ್ಪು, ಪಾದ ಮಾತ್ರ ಹಳದಿ, ಕಾಲುಚೀಲ ಹಾಕಿಕೊಂಡ ಹಾಗೆ. ಮಧ್ಯಮ ಬೆಳ್ಳಕ್ಕಿಗೆ ಈ ದಿನಗಳಲ್ಲಿ ಕೊಕ್ಕು ಹಳದಿ, ಪಾದ ಕಪ್ಪು. ದೊಡ್ಡದಕ್ಕೂ ಕೊಕ್ಕು ಹಳದಿಯೇ, ಆದರೆ ಅದರ ಬಾಯಿಯ ಗೆರೆ ಕಣ್ಣು ದಾಟಿ ಹಿಂದಕ್ಕೆ ಹೋಗಿರುತ್ತದೆ. ಇದನ್ನು ಹೇಳಿಕೊಡುವಾಗ ನಿನ್ನಮ್ಮ ಎಲ್ಲರ ಮುಂದೆ ನನ್ನ ಕಡೆ ಕೈ ತೋರಿಸಿ, 'ನಮ್ಮ ತಮ್ಮನ ಹಾಗೆ, ಬಾಯಿ ಜಾಸ್ತಿ' ಎಂದಳು. ಎಲ್ಲರೂ ನಕ್ಕರು. ದುರ್ಬೀನು ಸಾಹೇಬ ಬೇಕಾದ್ದಕ್ಕಿಂತ ಹೆಚ್ಚು ನಕ್ಕ.

ಅವಳು ಪಾಠ ಮಾಡುವ ರೀತಿ ಹೀಗೆ. ತಾನಾಗಿ ಹೆಸರು ಹೇಳುವುದಿಲ್ಲ, ಕೇಳುತ್ತಾಳೆ. 'ಕೊಕ್ಕು ಯಾವ ಬಣ್ಣ? ಪಾದ? ಕುತ್ತಿಗೆ ಎಲ್ಲಿ ಮುರಿದಿದೆ?' ಎಲ್ಲ ಹೇಳಿಸಿಕೊಂಡು ಕೊನೆಗೆ ಹೆಸರು ಹೇಳುತ್ತಾಳೆ. 'ನಾನೇ ಹೇಳಿಬಿಟ್ರೆ ನೀವು ಕಲಿಯೋದು ಯಾವಾಗ?' ಎನ್ನುತ್ತಾಳೆ. ಎಷ್ಟು ಒಳ್ಳೆಯ ಟೀಚರ್ ಎಂದು ಎಲ್ಲರೂ ತಲೆದೂಗುತ್ತಾರೆ. ಅಂದು ನನ್ನನ್ನೇ ಹೆಚ್ಚು ಕೇಳಿದಳು. ಬಣ್ಣದವನಿಗೆ ಬಣ್ಣ ಕೇಳಿದರೆ ಇನ್ನೇನು? ಒಂದೂ ತಪ್ಪಲಿಲ್ಲ. ಕ್ಲಾಸಿಗೇ ನಾನು ಫಸ್ಟು. ಹೊಗಳಿಕೆ ಅತಿಯಾದರೆ ನನ್ನ ನಾಲಿಗೆ ತುರಿಸುತ್ತದೆ ಎಂಬುದು ನಿನಗೆ ಗೊತ್ತಲ್ಲ. ಹತ್ತಿರದಲ್ಲೇ, ಕಲ್ಲೆಸೆದರೆ ಬೀಳುವಷ್ಟು ದೂರದಲ್ಲಿ ಒಂದು ನಿಂತಿತ್ತು. ಕೊಕ್ಕು ಟಾರಿನಷ್ಟು ಕಪ್ಪು. 'ಇದರ ಕೊಕ್ಕು ಹೇಳು' ಎಂದಳು. ತಲೆಗೆ ಒಂದು ಮೊಟಕು ಬೀಳುತ್ತದೆ, ನಗೋಣ ಎಂದುಕೊಂಡು 'ಹಳದಿ ಅಕ್ಕ' ಎಂದೆ. 'ಪಾದ?' 'ಕಪ್ಪು.'

'ಮಧ್ಯಮ ಬೆಳ್ಳಕ್ಕಿ' ಎಂದಳು ನಿನ್ನಮ್ಮ, ಎಲ್ಲರಿಗೂ ಕೇಳುವಂತೆ.

ಪುಟ್ಟೀ, ನಾನು ಮಾತು ಕಲಿತ ದಿನದಿಂದ ಈ ಹೆಂಗಸು ನನ್ನ ಒಂದು ಸುಳ್ಳನ್ನೂ ನಂಬಿದವಳಲ್ಲ. ಬಾಯಿಗೆ ಬರುವ ಮೊದಲೇ ಮುಖ ನೋಡಿ ಹಿಡಿಯುತ್ತಿದ್ದಳು. ಇಷ್ಟು ವರ್ಷಕ್ಕೆ ಮೊದಲ ಸಲ ನಾನು ಗೆದ್ದೆ. ನಿನ್ನ ಪ್ರಶ್ನೆಗೆ ಉತ್ತರವೂ ಅದೇ: ಕಾಣಿಸುವುದಿಲ್ಲ. ಬಿಳಿಯದೊಂದು ನಿಂತಿದೆ ಎಂಬುದು ಕಾಣುತ್ತದೆ, ಅಷ್ಟೇ. ಗೊರವಗಳನ್ನು ಅವಳು ಕಿವಿಯಿಂದ ಹಿಡಿದಿದ್ದಳು, ಎದ್ದು ಹಾರುವಾಗ ಅವು ಕೂಗುತ್ತವೆ, ಒಂದೊಂದು ಒಂದೊಂದು ತರ. ಬೆಳ್ಳಕ್ಕಿ ನಿಂತಲ್ಲಿ ತುಟಿ ಬಿಚ್ಚುವುದಿಲ್ಲ. ಅದಕ್ಕೇ ಈ ಪ್ರಶ್ನೋತ್ತರ. ಅವರು ಪಾಠ ಎಂದುಕೊಂಡದ್ದು ಅವಳಿಗೆ ಊರುಗೋಲು.

'ಮೇಡಂ, ಕೊಕ್ಕು ಕಪ್ಪಲ್ವಾ?' ಎಂದ ದುರ್ಬೀನು ಸಾಹೇಬ, ಬಹಳ ಮೆತ್ತಗೆ. ಎಲ್ಲರ ದುರ್ಬೀನುಗಳೂ ಮೇಲೆದ್ದವು. ನಿನ್ನಮ್ಮ ಹಕ್ಕಿಯ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದಳು. ನನ್ನ ಮುಖಕ್ಕಲ್ಲ, ನನ್ನ ಕಿವಿಯ ಪಕ್ಕಕ್ಕೆ ನೋಡುತ್ತಿದ್ದಳು. ತಿಪ್ಪೆ ಸಾರಿಸುವ ವಿದ್ಯೆ ನನಗೆ ದೇವರು ಸುಮ್ಮನೆ ಕೊಟ್ಟಿಲ್ಲ. 'ಅಯ್ಯೋ ಸ್ವಾಮಿ, ನಾವು ಹೇಳಿದ್ದು ಅದನ್ನಲ್ಲ. ಜೊಂಡಿನ ಹಿಂದೆ ಇನ್ನೊಂದು ಇತ್ತಲ್ಲ, ಅದನ್ನ! ಕುತ್ತಿಗೆಗೆ ಅಷ್ಟು ದೊಡ್ಡದು ಕಟ್ಕೊಂಡು ಅದನ್ನೇ ಬಿಟ್ರಾ?' ಎಂದೆ. ಎಲ್ಲರೂ ಜೊಂಡು ಹುಡುಕಿದರು. ಒಬ್ಬಾಕೆ ತಾನೂ ಕಂಡೆ ಎಂದಳು, ಪುಣ್ಯಾತ್ಗಿತ್ತಿ. ಸಾಹೇಬನು ವಾಪಸು ಹೊರಡುವವರೆಗೂ ಅದನ್ನೇ ಹುಡುಕುತ್ತಿದ್ದ.

ಬರುವಾಗ ನಿನ್ನಮ್ಮ ನನ್ನ ಮೊಣಕೈ ಹಿಡಿದಿದ್ದಳು. ಜಾರುತ್ತದೆ ಎಂದಳು. ದಾರಿ ಒಣಗಿತ್ತು. ಅರ್ಧ ದಾರಿಯಲ್ಲಿ ಕೇಳಿದಳು: 'ಜೊಂಡಿನ ಹಿಂದೆ ಹಕ್ಕಿ ಇತ್ತೇನೋ?' 'ಇತ್ತಕ್ಕ.' 'ಕೊಕ್ಕು ಹಳದಿನಾ?' 'ಹಳದಿ.' 'ಬಾಯಿ ಗೆರೆ ಕಣ್ಣು ದಾಟಿತ್ತಾ?' ನಾನು ದಾರಿಯ ಕಲ್ಲೊಂದನ್ನು ಕಾಲಿನಿಂದ ಒದ್ದೆ. 'ನಿಂದು ದಾಟಿದೆ' ಎಂದಳು. ಗೇಟಿನ ಹತ್ತಿರ ಚಿಲಕವನ್ನು ಬೆರಳಿನಿಂದ ಹುಡುಕಿ ತೆಗೆಯುತ್ತ, ನನಗೆ ಬೆನ್ನು ಹಾಕಿ ಹೇಳಿದಳು: 'ಮುಂದಿನ ಭಾನುವಾರಾನೂ ಬಾ. ಬರೋದಾದ್ರೆ ನಿಜ ಹೇಳ್ಬೇಕು.'

ಇದಿಷ್ಟು ವರದಿ. ಬಣ್ಣದ ಡಬ್ಬಿ ತೆರೆದೇ ಇದೆ, ಕೆನೆಗಟ್ಟುತ್ತಿದೆ. ಹೊತ್ತಿಗೆ ಸರಿಯಾಗಿ ಉಣ್ಣು, ಕೋಟಿನ ಗುಂಡಿ ಹಾಕಿಕೊಂಡು ಓಡಾಡು. ಕೂದಲು ಕತ್ತರಿಸಿಕೊಂಡ ಆ ಗೆಳತಿಗೂ ನನ್ನ ಆಶೀರ್ವಾದ ತಿಳಿಸು, ಅವಳಿಗೆ ನಿಜವಾಗಿಯೂ ಒಪ್ಪುತ್ತದಂತೆ.

ಇಂತಿ,
ನೀನು ಕಳಿಸಿದ ಗೂಢಚಾರ, ಊರಿನ ಅರ್ಧ ಬೋರ್ಡುಗಳ ಕರ್ತೃ,
ನಿನ್ನ ಮಾವ

ಮರೆತ ಮಾತು: ಲಕೋಟೆಗೆ ಗೋಂದು ಹಚ್ಚಿದವನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟವಾದರೆ ಬೈಯಬೇಡ. ಮಂಗಳವಾರ ಅಕ್ಕ ತಾನಾಗಿಯೇ ಅಂಗಡಿಗೆ ಬಂದು, 'ನಡಿ, ಕಣ್ಣಿನ ಡಾಕ್ಟರ ಹತ್ರ' ಎಂದಳು. ಎರಡು ಕಣ್ಣಿಗೂ ಪೊರೆ ಬಂದಿದೆ, ತೆಗೆದರೆ ಮೊದಲಿನ ಹಾಗೆ ಕಾಣುತ್ತದೆ ಎಂದರು ಡಾಕ್ಟರು. ಬಲಗಣ್ಣು ಮೊದಲು, ಮುಂದಿನ ಬುಧವಾರ. ಮಗಳಿಗೆ ಹೇಳಬೇಡ, ಕೆಲಸ ಬಿಟ್ಟು ಓಡಿ ಬರುತ್ತಾಳೆ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಕೊಟ್ಟೆ. ಆದರೆ ಯೋಚನೆ ಮಾಡು. ನನ್ನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂಬುದು ನಿನ್ನಮ್ಮನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಟೀಚರ್ ಟ್ರೇನಿಂಗಿಗೆ ಹೋಗಬೇಕೆಂಬ ಆಸೆಯನ್ನು ಅಪ್ಪನ ಮುಂದೆ ಹೇಳಲು ಹೆದರಿ ಅವಳು ನನ್ನ ಕಿವಿಗೆ ಹಾಕಿ, 'ಯಾರಿಗೂ ಹೇಳ್ಬೇಡ' ಎಂದಿದ್ದಳು. ಸಂಜೆಯೊಳಗೆ ಅಪ್ಪನಿಗೆ ಮುಟ್ಟಿತ್ತು. ಡಾಕ್ಟರ ಮನೆಯಿಂದ ಬರುವಾಗ 'ಅವಳಿಗೆ ಹೇಳ್ಬೇಡ' ಎಂದು ಎರಡನೇ ಸಲ ಹೇಳಿದವಳು, ಸ್ವಲ್ಪ ದೂರ ನಡೆದು, ನಿನ್ನೂರಿಂದ ಬರುವ ಬುಧವಾರದ ರೈಲು ಬೆಳಿಗ್ಗೆ ಎಷ್ಟು ಹೊತ್ತಿಗೆ ಮುಟ್ಟುತ್ತೆ ಎಂದು ಕೇಳಿದಳು, ಸುಮ್ಮನೆ ಕೇಳುವವಳ ಹಾಗೆ. ಏಳೂವರೆಗೆ ಎಂದೆ. ನಿಜವನ್ನೇ ಹೇಳಿದ್ದೇನೆ.