ಜಾಳಿ ಹೆಡ್‌ಫೋನ್

ವೃಷಭ,

ಹುಕ್ಕೇರಿ ಬಸ್ಸಿಗೆ ಹೊಂಟೇನಿ. ಅಜ್ಜಿ ಬಾಯಿ ಒಣಗಿದ್ರ ಕಾಸಿ ಆರಿಸಿದ ನೀರು ಚಮಚದಲೆ ಹಾಕು. ಹೊತ್ತು ಮುಳುಗಿದ ಮ್ಯಾಲ ಬ್ಯಾಡ.

ಬೆಳಗಾವಿ ಅಂಗಡಿಯವ ಕೇಳಿ ನೋಡಾಕ ಕೊಟ್ಟ ಎರಡು ಭಾರಿ ಹೆಡ್‌ಫೋನಿನಾಗ, ಹಿಂದ ಜಾಳಿ ಇರೋದನ್ನ ವಾಪಸ್ ಕೊಡು. ಮುಚ್ಚಿದ್ದನ್ನ ಇಟ್ಕೋ. ಜಾಳೀದರಾಗ ತಂಬೂರಿ ಸೈತ ಎದುರಿಗೇ ಕುಂತು ನುಡಿಸಿದಂಗ ಕೇಳತೈತಿ, ಖರೆ. ಆದ್ರ ದನಿ ಜಾಳೀಲೆ ಹೊರಗೂ ಸೋರತೈತಿ.

ಉಪ್ಪು ಬಿಟ್ಲು, ತುಪ್ಪ ಬಿಟ್ಲು, ಕಡೀಕ ಹಾಡು ಕೇಳೋದೂ ಬಿಡ್ತೇನಿ ಅಂತ ಅಜ್ಜಿ ಸಲ್ಲೇಖನ ವ್ರತ ಹಿಡದಾಳ. ಮರ್ತಿಯೇನು?

ನಿನ್ನೆ ನೀ ಜಾಳೀದು ಹಾಕ್ಕೊಂಡು ಆಕಿ ಬಾಜೂಕ ಕುಂತು ಕೇಳುವಾಗ, ಚಾದರದ ಮ್ಯಾಲ ಆಕಿ ಬೆರಳು ತಾಳ ಹಾಕಾಕತ್ತಿತ್ತು. ನಾ ನೋಡಿದ್ದು ಗೊತ್ತಾಗಿ ಕೈ ಒಳಗ ಎಳಕೊಂಡು ಅತ್ಲು. ಆಮ್ಯಾಲ ಅಂದ್ಲು: "ಅವಗ ಹೇಳಬ್ಯಾಡವಾ ತ್ರಿಶಲಾ, ಬಂದ್ ಮಾಡಿಬಿಡ್ತಾನ."

ಅಕ್ಕ